ಕುಸಿದ ಪ್ರೋಗ್ರಾಮಿನ ಮಹಜರು ಯಾರ ಕೈ ಸೇರುತ್ತದೆ?

ಅಭ್ಯಾಸ ಬೋಧನೆಗೆಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳಲ್ಲಿ ಗಣಿತದವರು ಕೆಲವರು ಜಿಯೋಜೀಬ್ರಾ ಪಾಠವನ್ನು ಕಂಪ್ಯೂಟರ್ ಲ್ಯಾಬಿನಲ್ಲೇ ಮಾಡುತ್ತಾರೆ. ಉಬುಂಟು ಹಾಕಿರುವ ಲ್ಯಾಬಾದರೆ, ತ್ರಿಭುಜದ ಮೂರನೇ ಶೃಂಗವನ್ನು ಎಳೆಯುತ್ತಿರುವಾಗಲೇ ಪರದೆಯ ನಡುವೆ ಒಂದು ಚಿಕ್ಕ ಕಿಟಕಿ ತೆರೆದುಕೊಳ್ಳುವುದುಂಟು. ವ್ಯವಸ್ಥೆಯ ಒಂದು ಪ್ರೋಗ್ರಾಮಿನಲ್ಲಿ ತೊಂದರೆ ಕಂಡುಬಂದಿದೆ, ಈಗಲೇ ವರದಿ ಮಾಡಬೇಕೇ ಎಂದು ಅದು ಕೇಳುತ್ತದೆ. ಪಾಠದ ಓಘ ತಪ್ಪಬಾರದೆಂದು ನಾವು ಓದದೆಯೇ ಒಂದು ಗುಂಡಿ ಒತ್ತಿಬಿಡುತ್ತೇವೆ. ಮುಂದಿನ ಸಾಲಿನ ಮಗು ಮಾತ್ರ ಬಿಡುವುದಿಲ್ಲ: "ಟೀಚರ್, ಅದು ಯಾರಿಗೆ ವರದಿ ಮಾಡುವುದು? ಏನೆಂದು ಬರೆಯುವುದು?"

ಮಗು ಕೇಳಿದ್ದು ತುಂಬ ಒಳ್ಳೆಯ ಪ್ರಶ್ನೆ. ವರದಿ ಬರೆಯುವ ಆ ಪ್ರೋಗ್ರಾಮಿನಲ್ಲೇ ದೊಡ್ಡ ಭದ್ರತಾ ಲೋಪಗಳು ಕಂಡುಬಂದಿವೆ, ಅದೂ ಒಂದೆರಡು ಬಾರಿಯಲ್ಲ. ಲೋಪಗಳ ಸ್ವರೂಪವನ್ನು ತಿಳಿದುಕೊಂಡರೆ ಮಗುವಿಗೆ ಸರಿಯಾದ ಉತ್ತರ ಕೊಡಬಹುದು. ಜೊತೆಗೆ, ಒಂದೇ ಯಂತ್ರವನ್ನು ಹತ್ತಾರು ಮಂದಿ ಬಳಸುವ ಶಾಲಾ ಲ್ಯಾಬಿನಲ್ಲಿ ನಾವು ಯಾವ ಎಚ್ಚರ ವಹಿಸಬೇಕು ಎನ್ನುವುದೂ ಸ್ಪಷ್ಟವಾಗುತ್ತದೆ.

ಕುಸಿತ ಎಂದರೇನು?

ಮೊದಲು ಒಂದು ಗೊಂದಲವನ್ನು ಬಗೆಹರಿಸಿಕೊಳ್ಳೋಣ. ಮಳೆಗಾಲದಲ್ಲಿ ಬೆಳ್ತಂಗಡಿಯ ಕಡೆ ಕರೆಂಟು ಹೋಗಿ ಕಂಪ್ಯೂಟರ್ ತಟ್ಟನೆ ನಿಂತರೆ ಮಕ್ಕಳು ಅದನ್ನೂ "ಕ್ರ್ಯಾಶ್ ಆಯಿತು" ಎನ್ನುತ್ತಾರೆ. ನಾವು ಇಲ್ಲಿ ಹೇಳುತ್ತಿರುವ ಕುಸಿತ ಅದಲ್ಲ. ಕರೆಂಟು ಹೋದಾಗ ಎಲ್ಲವೂ ಒಟ್ಟಿಗೇ ನಿಲ್ಲುತ್ತದೆ, ಏನಾಯಿತೆಂದು ಬರೆದಿಡಲು ಯಾರೂ ಉಳಿದಿರುವುದಿಲ್ಲ. ಪ್ರೋಗ್ರಾಂ ಕುಸಿಯುವುದೆಂದರೆ, ಯಂತ್ರ ಚೆನ್ನಾಗಿ ನಡೆಯುತ್ತಿರುವಾಗಲೇ ಒಂದು ಪ್ರೋಗ್ರಾಂ ಮಾತ್ರ ಮಾಡಬಾರದ್ದನ್ನು ಮಾಡಿ ಬೀಳುವುದು. ತನ್ನದಲ್ಲದ ಮೆಮೊರಿ ಜಾಗಕ್ಕೆ ಕೈ ಹಾಕುವುದು ಇದಕ್ಕೆ ಸಾಮಾನ್ಯ ಉದಾಹರಣೆ. ಆಗ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಮಧ್ಯೆ ಬಂದು ಆ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಉಳಿದವು ಎಂದಿನಂತೆ ನಡೆಯುತ್ತಿರುತ್ತವೆ.

ನಡೆಯುತ್ತಿರುವ ಪ್ರೋಗ್ರಾಮಿಗೆ ಪ್ರೋಸೆಸ್ ಎಂದು ಹೆಸರು. ಪ್ರತಿ ಪ್ರೋಸೆಸ್ಸಿಗೂ ಕರ್ನಲ್ ಒಂದು ಸಂಖ್ಯೆ ಕೊಡುತ್ತದೆ, ಹಾಜರಿ ಪುಸ್ತಕದ ಕ್ರಮಸಂಖ್ಯೆಯ ಹಾಗೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಇದೆ.

ಮಹಜರು ಬರೆಯುವವರು

ರಸ್ತೆಯಲ್ಲಿ ಅಪಘಾತವಾದರೆ ಪೊಲೀಸರು ಬಂದು ಸ್ಥಳ ಮಹಜರು ಮಾಡುತ್ತಾರೆ. ಬಸ್ಸು ಎಲ್ಲಿತ್ತು, ಎಷ್ಟು ದೂರ ಜಾರಿತು, ಬಿದ್ದವರ ಜೇಬಿನಲ್ಲಿ ಏನೇನಿತ್ತು, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಕಂಪ್ಯೂಟರಿನಲ್ಲೂ ಪ್ರೋಗ್ರಾಂ ಕುಸಿದಾಗ ಇಂಥದೇ ಮಹಜರು ನಡೆಯುತ್ತದೆ. ಕುಸಿದ ಕ್ಷಣದಲ್ಲಿ ಆ ಪ್ರೋಗ್ರಾಮಿನ ಮೆಮೊರಿಯಲ್ಲಿ ಏನಿತ್ತೋ ಅದರ ಪ್ರತಿಯನ್ನು ಕರ್ನಲ್ ತೆಗೆಯುತ್ತದೆ. ಇದಕ್ಕೆ ಕೋರ್ ಡಂಪ್ ಎನ್ನುತ್ತಾರೆ. 1950 ಮತ್ತು 60ರ ದಶಕಗಳಲ್ಲಿ ಕಂಪ್ಯೂಟರಿನ ಮೆಮೊರಿಯನ್ನು ತಂತಿಗೆ ಪೋಣಿಸಿದ ಪುಟ್ಟ ಕಾಂತೀಯ ಉಂಗುರಗಳಿಂದ ಮಾಡುತ್ತಿದ್ದರು. ಆ ಉಂಗುರಗಳ ಹೆಸರು ಕೋರ್. ಉಂಗುರಗಳು ಹೋದವು, ಹೆಸರು ಉಳಿಯಿತು.

ಲಿನಕ್ಸಿನಲ್ಲಿ ಈ ಪ್ರತಿಯನ್ನು ಒಂದು ಕಡತದಲ್ಲಿ ಸುಮ್ಮನೆ ಇಡಬಹುದು, ಅಥವಾ ಇನ್ನೊಂದು ಪ್ರೋಗ್ರಾಮಿನ ಕೈಗೆ ಒಪ್ಪಿಸಬಹುದು. ಉಬುಂಟುವಿನಲ್ಲಿ ಹಾಗೆ ಒಪ್ಪಿಸಿಕೊಳ್ಳುವ ಪ್ರೋಗ್ರಾಮಿನ ಹೆಸರು ಆಪೋರ್ಟ್. 2006ರಿಂದ ಅದು ಉಬುಂಟುವಿನ ಭಾಗ. ಯಾವ ಪ್ರೋಗ್ರಾಂ ಬಿತ್ತು, ಯಾವ ಆವೃತ್ತಿ, ಯಾವ ಹಂತದಲ್ಲಿತ್ತು ಎಂಬುದನ್ನೆಲ್ಲ ಸೇರಿಸಿ ಅದು ಒಂದು ವರದಿ ಕಡತ ಮಾಡುತ್ತದೆ. ನಂತರ ನಮ್ಮೆದುರು ಆ ಚಿಕ್ಕ ಕಿಟಕಿ ತೆರೆದು, ತಯಾರಕರಿಗೆ ಕಳಿಸಲೇ ಎಂದು ಕೇಳುತ್ತದೆ. ರೆಡ್ ಹ್ಯಾಟ್, ಫೆಡೋರಾ ಮೊದಲಾದ ಬೇರೆ ಲಿನಕ್ಸುಗಳಲ್ಲಿ ಇದೇ ಕೆಲಸಕ್ಕೆ ಸಿಸ್ಟಂಡಿ-ಕೋರ್‌ಡಂಪ್ ಎಂಬ ಪ್ರೋಗ್ರಾಂ ಇದೆ.

ಇದು ಉಪಕಾರದ ಕೆಲಸ, ಅದರಲ್ಲಿ ಅನುಮಾನವಿಲ್ಲ. ಬಿದ್ದದ್ದೇಕೆ ಎಂದು ತಿಳಿಯದೆ ದುರಸ್ತಿ ಮಾಡಲಾಗದು. ಆದರೆ ಈ ಉಪಕಾರಿಯ ಕೈಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಸೇರಿವೆ. ಮೊದಲನೆಯದು ಅಧಿಕಾರ: ಯಾರ ಪ್ರೋಗ್ರಾಂ ಬಿದ್ದರೂ ಮಹಜರು ಬರೆಯಬೇಕಾದ್ದರಿಂದ, ಕರ್ನಲ್ ಇದನ್ನು ರೂಟ್ ಎಂಬ ಅತ್ಯುನ್ನತ ಬಳಕೆದಾರನ ಹೆಸರಿನಲ್ಲೇ ನಡೆಸುತ್ತದೆ. ಎರಡನೆಯದು ಗುಟ್ಟು: ಬಿದ್ದವರ ಜೇಬಿನಲ್ಲಿದ್ದದ್ದೆಲ್ಲ ಮಹಜರಿನಲ್ಲಿ ದಾಖಲಾಗುವಂತೆ, ಪ್ರೋಗ್ರಾಂ ಆಗ ಹಿಡಿದಿದ್ದ ಪಾಸ್‌ವರ್ಡು, ಪತ್ರ, ಅಂಕಪಟ್ಟಿ ಯಾವುದೇ ಆದರೂ ಮೆಮೊರಿಯ ಪ್ರತಿಯೊಳಗೆ ಇರಬಹುದು. ಹೀಗೆ ಅಧಿಕಾರ ಮತ್ತು ಗುಟ್ಟು ಎರಡೂ ಇರುವವನು ಸ್ವಲ್ಪ ಅಜಾಗರೂಕನಾದರೂ ನಷ್ಟ ದೊಡ್ಡದು. ಈವರೆಗೆ ಕಂಡ ಲೋಪಗಳಲ್ಲಿ ಎರಡು ಬಗೆಯವನ್ನು ನೋಡೋಣ.

2016: ವರದಿಯನ್ನು ಓದುವಾಗ ಆದ ತಪ್ಪು

2016ರ ಡಿಸೆಂಬರ್‌ನಲ್ಲಿ ಐರ್ಲೆಂಡಿನ ಸಂಶೋಧಕ ಡೋನಖಾ ಓ ಕ್ಯಾರ್‌ವಿಲ್ ಆಪೋರ್ಟಿನ ಒಂದು ಲೋಪವನ್ನು ಕಂಡುಹಿಡಿದರು. ಆಪೋರ್ಟ್ ಬರೆಯುವ ವರದಿ ಒಂದು ಸಾಮಾನ್ಯ ಪಠ್ಯ ಕಡತ. ಶೀರ್ಷಿಕೆ, ಅದರ ಮುಂದೆ ವಿವರ, ಹೀಗೆ ಸಾಲುಸಾಲಾಗಿರುತ್ತದೆ. ಈ ವರದಿಯನ್ನು ಯಾವ ದತ್ತಕೋಶಕ್ಕೆ ಕಳಿಸಬೇಕು ಎಂದು ಹೇಳುವ ಒಂದು ಸಾಲೂ ಅದರಲ್ಲಿ ಇರಬಹುದಿತ್ತು. ಆ ಸಾಲು ಪುಷ್ಪಾವರಣ ಚಿಹ್ನೆಯಿಂದ ಶುರುವಾಗಿದ್ದರೆ ಆಪೋರ್ಟ್ ಅದನ್ನು ಕೇವಲ ಓದುತ್ತಿರಲಿಲ್ಲ. ಪೈಥಾನ್ ಭಾಷೆಯ ಆದೇಶವೆಂದು ತಿಳಿದು ನಡೆಸಿಯೇ ಬಿಡುತ್ತಿತ್ತು. ಆ ಸಾಲಿನಲ್ಲಿ ಯಾರಾದರೂ ಬೇರೇನನ್ನೋ ಬರೆದು, ಕಡತವನ್ನು ಇನ್ನೊಬ್ಬರಿಗೆ ಕಳಿಸಿ, ಅವರು ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಸಾಕಿತ್ತು. ಕಳಿಸಿದವನ ಆದೇಶ ಓದುವವರ ಯಂತ್ರದಲ್ಲಿ ನಡೆಯುತ್ತಿತ್ತು.

ತರಗತಿಯ ಭಾಷೆಯಲ್ಲಿ ಹೇಳುವುದಾದರೆ, ಮಗು ತಂದ ರಜಾ ಚೀಟಿಯನ್ನು ಓದುವುದು ಬೇರೆ, ಅದರಲ್ಲಿ ಬರೆದದ್ದನ್ನೆಲ್ಲ ಆದೇಶವೆಂದು ಪಾಲಿಸುವುದು ಬೇರೆ. "ನನ್ನ ಮಗನಿಗೆ ಜ್ವರ" ಎಂಬ ಸಾಲಿನ ಕೆಳಗೆ "ಕಪಾಟಿನ ಬೀಗದ ಕೈಯನ್ನು ಇವನ ಕೈಗೆ ಕೊಡಿ" ಎಂದಿದ್ದರೆ ಯಾವ ಶಿಕ್ಷಕರೂ ಕೊಡುವುದಿಲ್ಲ. ಆಪೋರ್ಟ್ ಕೊಡುತ್ತಿತ್ತು. ಈ ತಪ್ಪು ಉಬುಂಟು 12.10ರಿಂದ, ಅಂದರೆ 2012ರಿಂದಲೂ ಒಳಗಿತ್ತು. ನಾಲ್ಕು ವರ್ಷ ಅದು ಯಾರ ಗಮನಕ್ಕೂ ಬಂದಿರಲಿಲ್ಲ.

ಈ ಘಟನೆಯಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಇಂಥ ಲೋಪಗಳನ್ನು ಕೊಳ್ಳುವ ವ್ಯಾಪಾರವೇ ಜಗತ್ತಿನಲ್ಲಿದೆ. ಆಪೋರ್ಟಿನ ಈ ಲೋಪಗಳಿಗೆ ತನಗೆ 10,000 ಡಾಲರಿಗೂ ಹೆಚ್ಚು ಹಣ ಕೊಡಲು ಒಬ್ಬರು ಮುಂದೆ ಬಂದಿದ್ದರೆಂದು ಸಂಶೋಧಕರೇ ಬರೆದಿದ್ದಾರೆ. ಅವರು ಮಾರಲಿಲ್ಲ. ಡಿಸೆಂಬರ್ 9ರಂದು ಉಬುಂಟು ತಂಡಕ್ಕೆ ತಿಳಿಸಿದರು. ಡಿಸೆಂಬರ್ 14ರಂದು ದುರಸ್ತಿ ಬಿಡುಗಡೆಯಾಯಿತು. ನಂತರವೇ ವಿವರಗಳನ್ನು ಎಲ್ಲರ ಮುಂದಿಟ್ಟರು.

2025: ಒಡೆಯ ಯಾರೆಂದು ನೋಡುವಾಗ ಆದ ತಪ್ಪು

ಎರಡನೆಯ ಬಗೆಯ ಲೋಪವನ್ನು ಕ್ವಾಲಿಸ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು 2025ರ ಮೇ 29ರಂದು ಪ್ರಕಟಿಸಿದರು. ಒಂದು ಆಪೋರ್ಟಿನದು, ಇನ್ನೊಂದು ಸಿಸ್ಟಂಡಿ-ಕೋರ್‌ಡಂಪಿನದು. ಜಗತ್ತಿನಾದ್ಯಂತ ಲೋಪಗಳಿಗೆ ಗುರುತಿನ ಸಂಖ್ಯೆ ಕೊಡುವ ಪದ್ಧತಿಯಲ್ಲಿ ಇವು ಕ್ರಮವಾಗಿ ಸಿವಿಇ-2025-5054 ಮತ್ತು ಸಿವಿಇ-2025-4598. ಎರಡರ ತಿರುಳೂ ಒಂದೇ. ಇದನ್ನು ವಿವರಿಸಲು ನಮ್ಮ ಹಾಜರಿ ಪುಸ್ತಕಕ್ಕಿಂತ ಒಳ್ಳೆಯ ಬೋಧನೋಪಕರಣವಿಲ್ಲ.

ಒಂದು ತರಗತಿಯಲ್ಲಿ 14ನೇ ಕ್ರಮಸಂಖ್ಯೆಯ ಹುಡುಗಿಯ ಆರೋಗ್ಯ ತಪಾಸಣೆ ಆಯಿತೆಂದುಕೊಳ್ಳಿ. ವರದಿ ಬರುವಷ್ಟರಲ್ಲಿ ಅವಳು ಟಿ.ಸಿ. ಪಡೆದು ಬೇರೆ ಊರಿಗೆ ಹೋದಳು. ಅದೇ ವಾರ ಹೊಸ ಹುಡುಗನೊಬ್ಬ ಸೇರಿದ. ಖಾಲಿಯಿದ್ದ 14 ಅವನಿಗೆ ಬಂತು. ವರದಿಯ ಲಕೋಟೆಯ ಮೇಲೆ 14 ಎಂದಷ್ಟೇ ಇದೆ. ಹಂಚುವವರು "14 ಯಾರು?" ಎಂದರು, ಹುಡುಗ ಕೈ ಎತ್ತಿದ, ಲಕೋಟೆ ಅವನ ಕೈ ಸೇರಿತು. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಲಕೋಟೆ ಬರೆದ ಹೊತ್ತಿಗೂ ಹಂಚಿದ ಹೊತ್ತಿಗೂ ನಡುವೆ ಸಂಖ್ಯೆಯ ಒಡೆತನ ಬದಲಾಗಿತ್ತು, ಅಷ್ಟೆ.

ಕಂಪ್ಯೂಟರಿನಲ್ಲೂ ಪ್ರೋಸೆಸ್ ಸಂಖ್ಯೆಗಳು ಅನಂತವಲ್ಲ. ಲಿನಕ್ಸಿನಲ್ಲಿ ಬಹುಕಾಲ ರೂಢಿಯಲ್ಲಿದ್ದ ಮಿತಿ 32,768. ಈಗ ಮಿತಿ ಹೆಚ್ಚಿದೆ, ಆದರೂ ಮಿತಿ ಮುಟ್ಟಿದಾಗ ಮುಗಿದುಹೋದ ಪ್ರೋಸೆಸ್ಸಿನ ಸಂಖ್ಯೆ ಹೊಸದಕ್ಕೆ ಸಿಗುತ್ತದೆ. ಆಪೋರ್ಟ್ ಕುಸಿತದ ಮಾಹಿತಿಯನ್ನು ಸಂಖ್ಯೆಯ ಮೂಲಕವೇ ಹುಡುಕುತ್ತಿತ್ತು. ಕೆಲವು ಪ್ರೋಗ್ರಾಮುಗಳು ಕಂಟೇನರ್ ಎಂಬ ಬೇಲಿಯೊಳಗೆ ಪ್ರತ್ಯೇಕವಾಗಿ ನಡೆಯುತ್ತವೆ. ಅಂಥದ್ದು ಬಿದ್ದರೆ ಮಹಜರನ್ನು ಆ ಬೇಲಿಯೊಳಗಿನವರಿಗೇ ಒಪ್ಪಿಸುವುದು ಆಪೋರ್ಟಿನ ನಿಯಮ. ತಪ್ಪಾದದ್ದು ಇಲ್ಲಿ. ಬಿದ್ದದ್ದು ಬೇಲಿಯೊಳಗಿನದೇ ಎಂದು ಆಪೋರ್ಟ್ ಮೊದಲು ನೋಡುತ್ತಿತ್ತು. ಈ ಸಂಖ್ಯೆಯ ಪ್ರೋಸೆಸ್ ಈಗಲೂ ಮೊದಲಿನದೇ ಎಂಬ ಪರಿಶೀಲನೆ ಬರುತ್ತಿದ್ದದ್ದು ಆಮೇಲೆ. ಹೆಚ್ಚಿನ ಅಧಿಕಾರದ ಪ್ರೋಗ್ರಾಮೊಂದನ್ನು ಬೀಳಿಸಿ, ಅದೇ ಸಂಖ್ಯೆಯ ಬೇರೊಂದನ್ನು ಬೇಲಿಯೊಳಗೆ ಕ್ಷಣಾರ್ಧದಲ್ಲಿ ನಿಲ್ಲಿಸಬಲ್ಲವನಿಗೆ ಮೊದಲಿನದರ ಮೆಮೊರಿ ಪ್ರತಿ ಸಿಗುವ ಸಾಧ್ಯತೆ ಹೀಗೆ ಉಂಟಾಯಿತು.

ನೋಡುವುದಕ್ಕೂ ಕೊಡುವುದಕ್ಕೂ ನಡುವಿನ ಸಂದಿಯಲ್ಲಿ ಪರಿಸ್ಥಿತಿ ಬದಲಾಗುವ ಈ ಬಗೆಯ ದೋಷಕ್ಕೆ ರೇಸ್ ಕಂಡಿಷನ್ ಎಂದು ಹೆಸರು. ಇಬ್ಬರು ಓಡುತ್ತಿದ್ದಾರೆ, ಯಾರು ಮೊದಲು ಮುಟ್ಟುತ್ತಾರೋ ಅದರ ಮೇಲೆ ಫಲಿತಾಂಶ ನಿಂತಿದೆ. ಬಸ್ಸಿನ ಸೀಟಿಗೆ ಕಿಟಕಿಯಿಂದ ಕರವಸ್ತ್ರ ಹಾಕಿ, ಬಾಗಿಲಿನಿಂದ ಹತ್ತಿ ಬರುವಷ್ಟರಲ್ಲಿ ಇನ್ನೊಬ್ಬರು ಕುಳಿತಿರುವುದನ್ನು ಕಂಡವರಿಗೆ ಇದು ಹೊಸತಲ್ಲ.

ಬೀಳಿಸಬಹುದಾದ ಆ ಹೆಚ್ಚಿನ ಅಧಿಕಾರದ ಪ್ರೋಗ್ರಾಂ ಯಾವುದು? ಲಿನಕ್ಸಿನಲ್ಲಿ ಎಸ್‌ಯುಐಡಿ ಎಂಬ ಗುರುತಿರುವ ಕೆಲವು ಪ್ರೋಗ್ರಾಮುಗಳಿವೆ. ಸಾಮಾನ್ಯ ಬಳಕೆದಾರ ನಡೆಸಿದರೂ ಅವು ತಮ್ಮ ಒಡೆಯನ ಅಧಿಕಾರದಲ್ಲಿ ಕೆಲಸ ಮಾಡುತ್ತವೆ. ಸೀಮೆಸುಣ್ಣ ತರಲು ಕ್ಲಾಸ್ ಲೀಡರನಿಗೆ ಅರೆಗಳಿಗೆ ಸ್ಟಾಫ್ ರೂಮಿನ ಬೀಗದ ಕೈ ಕೊಡುವ ಹಾಗೆ. ನಾವು ಟೈಪು ಮಾಡಿದ ಪಾಸ್‌ವರ್ಡ್ ಸರಿಯೇ ಎಂದು ತಾಳೆ ನೋಡುವ ಪುಟ್ಟ ಪ್ರೋಗ್ರಾಂ ಇಂಥದ್ದು. ತಾಳೆ ನೋಡಲು ಅದು ಪಾಸ್‌ವರ್ಡುಗಳ ಕಡತವನ್ನು ಓದಲೇಬೇಕು. ಓದಿದ್ದು ಅದರ ಮೆಮೊರಿಯಲ್ಲಿರುತ್ತದೆ, ಆ ಕ್ಷಣದಲ್ಲಿ ಅದು ಬಿದ್ದರೆ ಮಹಜರಿನಲ್ಲೂ ಇರುತ್ತದೆ. ಸಂಶೋಧಕರು ಮಾಡಿ ತೋರಿಸಿದ್ದು ಇದನ್ನೇ.

ಆದರೆ ಆ ಕಡತದಲ್ಲಿ ಪಾಸ್‌ವರ್ಡುಗಳು ಇದ್ದ ಹಾಗೆಯೇ ಇರುವುದಿಲ್ಲ. ಹ್ಯಾಶ್ ಎಂಬ ರೂಪದಲ್ಲಿರುತ್ತವೆ. ತುರಿದ ಕಾಯಿಯಿಂದ ಮತ್ತೆ ತೆಂಗಿನಕಾಯಿ ಕಟ್ಟಲಾಗದಂತೆ, ಹ್ಯಾಶಿನಿಂದ ಪಾಸ್‌ವರ್ಡನ್ನು ಮರಳಿ ಪಡೆಯಲಾಗದು. ಆದರೆ ಊಹಿಸಬಹುದು. ಊಹಿಸಿದ ಪದವನ್ನು ಅದೇ ರೀತಿ ತುರಿದು, ಎರಡು ತುರಿಯೂ ಒಂದೇ ಬಗೆಯೇ ಎಂದು ನೋಡಬಹುದು. ಶಾಲೆಯ ಹೆಸರು, ಅದರ ಮುಂದೆ 123 ಎಂಬಂಥ ಪಾಸ್‌ವರ್ಡಾದರೆ ಊಹೆ ಬೇಗ ಫಲಿಸುತ್ತದೆ.

ದುರಸ್ತಿ ಹೇಗಾಯಿತು? ಪರಿಶೀಲನೆಯ ಕ್ರಮವನ್ನು ಸರಿಪಡಿಸಿದರು. ಅದರ ಜೊತೆಗೆ ಕರ್ನಲ್ ಮಟ್ಟದಲ್ಲಿ ಇನ್ನೂ ಒಳ್ಳೆಯ ಉಪಾಯವೊಂದು ಬಂತು. ಕರ್ನಲ್ ಈಗ ಬರಿಯ ಸಂಖ್ಯೆಯ ಜೊತೆಗೆ, ಬಿದ್ದ ಪ್ರೋಸೆಸ್ಸನ್ನೇ ನೇರವಾಗಿ ಸೂಚಿಸುವ ಒಂದು ಹಿಡಿಕೆಯನ್ನು ಮಹಜರು ಬರೆಯುವ ಪ್ರೋಗ್ರಾಮಿಗೆ ಕೊಡಬಲ್ಲದು. ಸಂಖ್ಯೆ ಬೇರೆಯವರಿಗೆ ಹೋಗಬಹುದು, ಹಿಡಿಕೆ ಹೋಗುವುದಿಲ್ಲ. ಜಾತ್ರೆಯಲ್ಲಿ ಮಗುವನ್ನು ಕೆಂಪು ಅಂಗಿಯ ಗುರುತಿನಿಂದ ಹುಡುಕುವುದಕ್ಕೂ, ಮೊದಲಿನಿಂದಲೇ ಕೈ ಹಿಡಿದುಕೊಂಡಿರುವುದಕ್ಕೂ ಇರುವ ವ್ಯತ್ಯಾಸವಿದು.

ಇದು ಲಿನಕ್ಸಿನ ಸಮಸ್ಯೆ ಮಾತ್ರವೇ?

ಅಲ್ಲ. 2015ರ ಏಪ್ರಿಲ್‌ನಲ್ಲೂ ಆಪೋರ್ಟಿನಲ್ಲಿ ಒಂದು ಲೋಪ ಕಂಡುಬಂದಿತ್ತು. ಯಂತ್ರದ ಸಾಮಾನ್ಯ ಬಳಕೆದಾರ ಹೆಚ್ಚಿನ ಅಧಿಕಾರ ಪಡೆಯಲು ಅದರಿಂದ ಸಾಧ್ಯವಿತ್ತು. ವಿಂಡೋಸಿನಲ್ಲಿ ಇದೇ ಕೆಲಸ ಮಾಡುವ ವಿಂಡೋಸ್ ಎರರ್ ರಿಪೋರ್ಟಿಂಗ್ ಎಂಬ ಭಾಗದಲ್ಲಿನ ಲೋಪವೊಂದನ್ನು ಗೂಗಲ್ಲಿನ ಸಂಶೋಧಕರು ಗುರುತಿಸಿದರು, 2023ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ದುರಸ್ತಿ ನೀಡಿತು. ದುರಸ್ತಿ ಬರುವ ಮೊದಲೇ ದಾಳಿಕೋರರು ಅದನ್ನು ಬಳಸುತ್ತಿದ್ದರು. ಎಲ್ಲ ಕಡೆಯೂ ಕಾರಣ ಅದೇ: ಬಿದ್ದವರನ್ನು ಎತ್ತಲು ಬರುವವರಿಗೆ ಎಲ್ಲ ಬಾಗಿಲೂ ತೆರೆದಿರಬೇಕಾಗುತ್ತದೆ. ಆದ್ದರಿಂದ "ಲಿನಕ್ಸಿಗೆ ಏನೂ ಆಗುವುದಿಲ್ಲ" ಎಂದಾಗಲಿ "ವಿಂಡೋಸೇ ಮೇಲು" ಎಂದಾಗಲಿ ತರಗತಿಯಲ್ಲಿ ಹೇಳಬಾರದು. ಎರಡೂ ತಪ್ಪು.

ಶಾಲೆಯ ಲ್ಯಾಬಿಗೆ ಇದೇಕೆ ಮುಖ್ಯ?

2025ರ ಲೋಪಗಳಿಗೆ ತೀವ್ರತೆಯ ಅಳತೆಯಲ್ಲಿ 10ಕ್ಕೆ 4.7 ಅಂಕ ಬಂದಿದೆ. ಅಂದರೆ ಮಧ್ಯಮ. ಕಾರಣ ಎರಡು. ಇದನ್ನು ಸಾಧಿಸುವುದು ಸುಲಭವಲ್ಲ, ಮತ್ತು ದಾಳಿಕೋರ ಅದೇ ಯಂತ್ರದಲ್ಲಿ ಆಗಲೇ ಖಾತೆ ಹೊಂದಿರುವ ಸ್ಥಳೀಯ ಬಳಕೆದಾರನಾಗಿರಬೇಕು. ದೂರದಲ್ಲಿ ಕುಳಿತು ಇಂಟರ್ನೆಟ್ ಮೂಲಕ ನೇರವಾಗಿ ಮಾಡಲಾಗದು. ನಿಜವಾದ ಪರಿಣಾಮ ಸೀಮಿತವೆಂದೇ ಉಬುಂಟು ತಯಾರಕರಾದ ಕೆನಾನಿಕಲ್ ಸಂಸ್ಥೆಯೂ ಹೇಳಿದೆ. ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರಿಗೆ ಈ ಸಮಾಧಾನ ಸಾಕು.

ಆದರೆ ಶಾಲೆಯ ಲ್ಯಾಬಿನಲ್ಲಿ ಎಲ್ಲರೂ ಸ್ಥಳೀಯರೇ. ಬೆಳಿಗ್ಗೆ ಎಂಟನೆಯ ತರಗತಿ, ಮಧ್ಯಾಹ್ನ ಒಂಬತ್ತನೆಯ ತರಗತಿ, ನಡುವೆ ಅಭ್ಯಾಸ ಬೋಧನೆಗೆ ಬಂದ ನಾವು, ಸಂಜೆ ಸ್ಯಾಟ್ಸ್ ಜಾಲತಾಣಕ್ಕೆ ಮಕ್ಕಳ ವಿವರ ತುಂಬಲು ಕೂರುವ ಶಿಕ್ಷಕರು, ಎಲ್ಲರಿಗೂ ಒಂದೇ ಯಂತ್ರ. ಅದರಲ್ಲಿರುವುದು ಮಕ್ಕಳ ಹೆಸರು, ಜನ್ಮದಿನಾಂಕ, ಜಾತಿ, ಪೋಷಕರ ಫೋನ್ ಸಂಖ್ಯೆ. ಶಿಕ್ಷಕರ ಪಾಸ್‌ವರ್ಡ್ ಒಬ್ಬರಿಗೆ ಸಿಕ್ಕಿತೆಂದರೆ, ಬ್ರೌಸರಿನಲ್ಲಿ ಉಳಿಸಿಟ್ಟ ಉಳಿದ ಪಾಸ್‌ವರ್ಡುಗಳೂ ಒಂದೊಂದಾಗಿ ಸಿಗುತ್ತವೆ. ಒಂಬತ್ತನೆಯ ತರಗತಿಯ ಹುಡುಗ ನಾಳೆಯೇ ಇದನ್ನು ಮಾಡಿಬಿಡುತ್ತಾನೆಂದು ಹೇಳುತ್ತಿಲ್ಲ. ಯಾರದೋ ಪೆನ್‌ಡ್ರೈವಿನಲ್ಲಿ ಬಂದ ಪ್ರೋಗ್ರಾಮೊಂದನ್ನು ಅರಿವಿಲ್ಲದೆ ನಡೆಸುವವನೂ ಸ್ಥಳೀಯ ಬಳಕೆದಾರನೇ ಎಂಬುದನ್ನು ಮರೆಯಬಾರದು. ಅಳತೆಪಟ್ಟಿಯಲ್ಲಿ ಮಧ್ಯಮವೆನಿಸಿದ ಲೋಪ, ಹಂಚಿಕೊಂಡು ಬಳಸುವ ಯಂತ್ರದಲ್ಲಿ ಆ ಅಂಕ ಹೇಳುವುದಕ್ಕಿಂತ ಭಾರವಾಗುತ್ತದೆ.

ಉಬುಂಟು ನಮ್ಮ ಶಾಲೆಗಳಿಗೆ ಅಪರಿಚಿತವೂ ಅಲ್ಲ. ರಾಜ್ಯದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಎಷ್ಟೋ ಪ್ರೌಢಶಾಲಾ ಶಿಕ್ಷಕರು ಕಂಪ್ಯೂಟರ್ ಕಲಿತದ್ದು ಉಬುಂಟುವಿನ ಮೇಲೆಯೇ. ಬಂಟ್ವಾಳ ತಾಲೂಕಿನ ಗಡಿ ದಾಟಿ ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳಿಗೆ ಹೋದರೆ, ಅಲ್ಲಿನ ಲ್ಯಾಬುಗಳಲ್ಲಿ ಇರುವುದು ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗಾಗಿ ಉಬುಂಟುವಿನಿಂದಲೇ ರೂಪಿಸಿದ ಲಿನಕ್ಸ್. ಮುಕ್ತ ತಂತ್ರಾಂಶವಾದ್ದರಿಂದ ಯಾರು ಬೇಕಾದರೂ ಒಳಗನ್ನು ನೋಡಬಹುದು. ಮೇಲಿನ ಲೋಪಗಳು ಹಾಗೆ ನೋಡಿದವರಿಂದಲೇ ಬೆಳಕಿಗೆ ಬಂದವು. ಆದರೆ ದುರಸ್ತಿ ಬಿಡುಗಡೆಯಾಗುವುದು ಒಂದು, ಅದು ನಮ್ಮ ಲ್ಯಾಬಿನ ಯಂತ್ರಕ್ಕೆ ತಲುಪುವುದು ಇನ್ನೊಂದು. ಇಂಟರ್ನೆಟ್ ಸಂಪರ್ಕ ಇಲ್ಲದೆ ವರ್ಷಗಟ್ಟಲೆ ನವೀಕರಣ ಕಾಣದ ಯಂತ್ರದಲ್ಲಿ ಹಳೆಯ ಲೋಪ ಹಾಗೆಯೇ ಉಳಿದಿರುತ್ತದೆ.

ಲ್ಯಾಬಿನಲ್ಲಿ ಮಾಡಬೇಕಾದದ್ದು

ಅಭ್ಯಾಸ ಬೋಧನೆಗೆ ಹೋದ ಶಾಲೆಯಲ್ಲಿ ಯಂತ್ರಗಳನ್ನು ಬದಲಿಸುವ ಅಧಿಕಾರ ನಮಗಿಲ್ಲ. ಲ್ಯಾಬಿನ ಹೊಣೆ ಹೊತ್ತ ಶಿಕ್ಷಕರ ಜೊತೆ ಮಾತನಾಡಿ, ಅವರ ಒಪ್ಪಿಗೆಯಿಂದ ಈ ಕೆಲಸಗಳಲ್ಲಿ ನೆರವಾಗಬಹುದು.

1. ಪ್ರತಿ ಯಂತ್ರದ ಉಬುಂಟು ಆವೃತ್ತಿಯನ್ನು ದಾಸ್ತಾನು ಪುಸ್ತಕದಲ್ಲಿ ಬರೆದಿಡುವುದು. 18.04 ಆವೃತ್ತಿಗೆ ಸಾಮಾನ್ಯ ಬೆಂಬಲ 2023ರ ಮೇ ತಿಂಗಳಲ್ಲೇ ಮುಗಿದಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಾವ ಯಂತ್ರಕ್ಕೆ ದುರಸ್ತಿ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

2. ವಾರದಲ್ಲಿ ಒಂದು ದಿನ ನವೀಕರಣಕ್ಕೆ ಮೀಸಲಿಡುವುದು. ಲ್ಯಾಬಿಗೆ ಸಂಪರ್ಕವಿಲ್ಲದಿದ್ದರೆ ಮೊಬೈಲಿನ ಇಂಟರ್ನೆಟ್ಟಿನಿಂದಲೂ ಒಂದೊಂದೇ ಯಂತ್ರವನ್ನು ನವೀಕರಿಸಬಹುದು.

3. ಮಕ್ಕಳಿಗೂ ಶಿಕ್ಷಕರಿಗೂ ಬೇರೆ ಬೇರೆ ಖಾತೆ. ಸಾಧ್ಯವಾದರೆ ಸ್ಯಾಟ್ಸ್ ಕೆಲಸಕ್ಕೆ ಬೇರೆಯೇ ಯಂತ್ರ.

4. ಪಾಸ್‌ವರ್ಡ್ ಉದ್ದವಾಗಿರಲಿ. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನೆನಪಿಡುವುದೂ ಸುಲಭ, ಊಹಿಸುವುದೂ ಕಷ್ಟ. ಅದನ್ನು ಮಾನಿಟರಿನ ಅಂಚಿಗೆ ಅಂಟಿಸಬಾರದು.

5. ಬೇರೆಯವರು ಕೊಟ್ಟ ಕುಸಿತ ವರದಿಯ ಕಡತವನ್ನು ತೆರೆಯಬಾರದು.

6. ವರದಿ ಕಳಿಸುವ ಮುನ್ನ, ಆಗ ಪರದೆಯ ಮೇಲೆ ಏನು ತೆರೆದಿತ್ತೆಂದು ಯೋಚಿಸುವುದು. ಆ ಕಿಟಕಿಯಲ್ಲಿ ವಿವರ ತೋರಿಸುವ ಗುಂಡಿಯೂ ಇದೆ. ಜಿಯೋಜೀಬ್ರಾ ಬಿದ್ದಿದ್ದರೆ ಕಳಿಸಿ, ಅದರಿಂದ ದುರಸ್ತಿ ಮಾಡುವವರಿಗೆ ಉಪಕಾರ. ಮಕ್ಕಳ ವಿವರ ತುಂಬುತ್ತಿದ್ದಾಗ ಬ್ರೌಸರ್ ಬಿದ್ದಿದ್ದರೆ ಕಳಿಸದಿರುವುದೇ ಮೇಲು.

ನವೀಕರಣ ಸಾಧ್ಯವೇ ಇಲ್ಲದ ಯಂತ್ರದಲ್ಲಿ, ಎಸ್‌ಯುಐಡಿ ಪ್ರೋಗ್ರಾಮುಗಳು ಬಿದ್ದಾಗ ಪ್ರತಿ ತೆಗೆಯದಂತೆ ಕರ್ನಲ್ಲಿನ ಒಂದು ಮೌಲ್ಯವನ್ನು ಸೊನ್ನೆಗೆ ಇಡುವ ತಾತ್ಕಾಲಿಕ ಪರಿಹಾರವನ್ನು ಸಂಶೋಧಕರು ಸೂಚಿಸಿದ್ದಾರೆ. ಅಂಥ ಪ್ರೋಗ್ರಾಂ ಬಿದ್ದರೆ ಕಾರಣ ತಿಳಿಯುವುದಿಲ್ಲ ಎಂಬುದೇ ಅದರ ಬೆಲೆ. ಶಾಲೆಯ ಲ್ಯಾಬಿಗೆ ಅದು ದೊಡ್ಡ ನಷ್ಟವೇನಲ್ಲ. ಆದರೆ ಇದನ್ನು ತಿಳಿದವರಿಂದಲೇ ಮಾಡಿಸಬೇಕು.

ಪಾಠವಾಗಿ ಮಾಡುವ ಬಗೆ

ಎಂಟು ಅಥವಾ ಒಂಬತ್ತನೆಯ ತರಗತಿಗೆ 40 ನಿಮಿಷದ ಒಂದು ಅವಧಿ ಸಾಕು. ಪೂರ್ವಜ್ಞಾನವಾಗಿ ಕಾರ್ಯಾಚರಣ ವ್ಯವಸ್ಥೆ ಮತ್ತು ಮೆಮೊರಿಯ ಪರಿಚಯವಿರಬೇಕು. ವ್ಯಾಖ್ಯೆಯಿಂದ ಪಾಠ ಆರಂಭಿಸಬೇಡಿ, ಆಟದಿಂದ ಆರಂಭಿಸಿ.

ಮೂವರು ಮಕ್ಕಳನ್ನು ಮುಂದೆ ಕರೆಯಿರಿ. ಮೊದಲನೆಯವಳ ಅಂಗಿಗೆ 14 ಎಂಬ ಚೀಟಿ ಅಂಟಿಸಿ. ಅವಳ ಕೈಯಲ್ಲಿ ಒಂದು ಗುಟ್ಟಿನ ಪದ ಬರೆದ ಹಾಳೆ ಇರಲಿ. ಎರಡನೆಯವನು ಮಹಜರುಗಾರ, ಸದ್ಯ ಬಾಗಿಲಿನಾಚೆ ನಿಂತಿರಲಿ. ಮೊದಲನೆಯವಳು ಬಿದ್ದಂತೆ ಕುಳಿತ ಕೂಡಲೇ ನೀವು ಹಾಳೆಯನ್ನು ಲಕೋಟೆಗೆ ಹಾಕಿ, ಮೇಲೆ 14 ಎಂದು ಬರೆದು, ಮೇಜಿನ ಮೇಲಿಡಿ. ಚೀಟಿಯನ್ನು ಬಿಡಿಸಿ ಮೂರನೆಯವನಿಗೆ ಅಂಟಿಸಿ. ಈಗ ಮಹಜರುಗಾರನನ್ನು ಕರೆದು, ಲಕೋಟೆಯನ್ನು ಅದರ ಒಡೆಯರಿಗೆ ಕೊಡಲು ಹೇಳಿ. ಅವನು ಹಿಂಜರಿಯದೆ ಮೂರನೆಯವನಿಗೆ ಕೊಡುತ್ತಾನೆ. ತರಗತಿ ನಗುತ್ತದೆ. ಆಗ ಕೇಳಿ: ತಪ್ಪು ಯಾರದು? ಸುಳ್ಳು ಹೇಳಿದವರು ಯಾರು? ತಡೆಯುವುದು ಹೇಗೆ?

ಮಕ್ಕಳ ಉತ್ತರಗಳನ್ನು ಫಲಕದ ಮೇಲೆ ಬರೆಯಿರಿ. "ಹೆಸರು ಕೇಳಬೇಕಿತ್ತು", "ಕೊಡುವ ಮೊದಲು ಮತ್ತೊಮ್ಮೆ ನೋಡಬೇಕಿತ್ತು", "ಬಿದ್ದಾಗಲೇ ಅವಳ ಕೈ ಹಿಡಿದುಕೊಳ್ಳಬೇಕಿತ್ತು" ಎಂಬ ಉತ್ತರಗಳು ಅವರಿಂದಲೇ ಬರುತ್ತವೆ. ನಿಜವಾದ ದುರಸ್ತಿಯೂ ಇದೇ ದಾರಿಯದು ಎಂದು ತಿಳಿಸಿದಾಗ ಅವರ ಮುಖದಲ್ಲಿ ಮೂಡುವ ಹೆಮ್ಮೆ ಪಾಠದ ಅರ್ಧ ಫಲ. ಮೂರನೆಯ ಉತ್ತರ ಬರದಿದ್ದರೆ, ಆಟವನ್ನು ಇನ್ನೊಮ್ಮೆ ಆಡಿಸಿ. ಈ ಸಲ ಮಹಜರುಗಾರ ಒಳಗೇ ಇದ್ದು, ಮೊದಲನೆಯವಳ ಕೈಗೆ ಕಟ್ಟಿದ ದಾರದ ಇನ್ನೊಂದು ತುದಿಯನ್ನು ಹಿಡಿದಿರಲಿ. ರೇಸ್ ಕಂಡಿಷನ್ ಎಂಬ ಪದವನ್ನು ಇದಾದ ಮೇಲೆ ಕೊಡಿ.

ಈ ಪಾಠದಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಮೂರು. ಕುಸಿತವನ್ನು ವೈರಸ್ ಎಂದು ಹೇಳುವುದು ಒಂದು. ವೈರಸ್ ಹೊರಗಿನವರು ಕಳಿಸಿದ ಪ್ರೋಗ್ರಾಂ, ಲೋಪ ಒಳಗಿನವರೇ ಮಾಡಿದ ತಪ್ಪು. ಎರಡನೆಯದು ಹೆದರಿಸುವುದು. ಹೆದರಿದ ಮಗು ವರದಿಯನ್ನೂ ಕಳಿಸುವುದಿಲ್ಲ, ನವೀಕರಣವನ್ನೂ ಮಾಡುವುದಿಲ್ಲ. ಮೂರನೆಯದು ಕುತೂಹಲ ಹುಟ್ಟಿಸಲೆಂದು "ಮಾಡಿ ನೋಡೋಣ" ಎನ್ನುವುದು. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿನ ಮಾಹಿತಿ ತೆಗೆಯುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧ. ಲೋಪ ಕಂಡರೆ ಯಾರಿಗೆ ತಿಳಿಸಬೇಕು ಎಂಬುದನ್ನು ಕಲಿಸಿ. 2016ರ ಘಟನೆ ಅದಕ್ಕೆ ಒಳ್ಳೆಯ ಉದಾಹರಣೆ.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆ ಸಾಕು. ಕರೆಂಟು ಹೋದಾಗ ಕುಸಿತ ವರದಿ ಏಕೆ ಬರುವುದಿಲ್ಲ? ವರದಿಯಲ್ಲಿ ಪಾಸ್‌ವರ್ಡಿನ ಸುಳಿವು ಹೇಗೆ ಸೇರಿಕೊಳ್ಳಬಹುದು? ನಿಮ್ಮ ದಿನನಿತ್ಯದಲ್ಲಿ ನೋಡುವುದಕ್ಕೂ ಕೊಡುವುದಕ್ಕೂ ನಡುವೆ ಪರಿಸ್ಥಿತಿ ಬದಲಾದ ಒಂದು ಸಂದರ್ಭ ಹೇಳಿ. ಮೂರನೆಯ ಪ್ರಶ್ನೆಗೆ ಪಡಿತರ ಅಂಗಡಿಯ ಸರತಿ, ಆಸ್ಪತ್ರೆಯ ಟೋಕನ್, ಬಸ್ಸಿನ ಸೀಟು ಹೀಗೆ ಎಷ್ಟೋ ಉತ್ತರಗಳು ಬರಬಹುದು. ಎಲ್ಲಕ್ಕೂ ಅಂಕ ಕೊಡಿ.

ಇನ್ನು ಮುಂದಿನ ಸಾಲಿನ ಆ ಮಗುವಿನ ಪ್ರಶ್ನೆಗೆ ಬರೋಣ. ಯಾರಿಗೆ ವರದಿ ಮಾಡುವುದು? ನಾವು ಒಪ್ಪಿದರೆ, ಪ್ರೋಗ್ರಾಮನ್ನು ದುರಸ್ತಿ ಮಾಡುವವರಿಗೆ. ಏನೆಂದು ಬರೆಯುವುದು? ಬಿದ್ದ ಪ್ರೋಗ್ರಾಂ ಆಗ ನೆನಪಿನಲ್ಲಿಟ್ಟುಕೊಂಡಿದ್ದದ್ದನ್ನು, ಅದರಲ್ಲಿ ನಮ್ಮದೂ ಏನಾದರೂ ಇರಬಹುದು. ಇಷ್ಟನ್ನು ಹೇಳಲು ಒಂದು ನಿಮಿಷ ಸಾಕು. ಮುಂದಿನ ಸಲ ಆ ಕಿಟಕಿ ತೆರೆದಾಗ ಜಿಯೋಜೀಬ್ರಾವನ್ನು ಅಲ್ಲೇ ನಿಲ್ಲಿಸಿ, ಆ ಒಂದು ನಿಮಿಷವನ್ನು ಮಗುವಿಗೆ ಕೊಡಿ.